ಅತ್ತೆಯ ಎಲೆಗೆ ಮೊದಲು ಏನು ಬಡಿಸುವುದು

ಬಿರಿಯಾನಿ ನಮ್ಮ ಪಾಲು, ಊಟಕ್ಕೆ ಮುಂಚಿನದೂ ಊಟ ಆದಮೇಲಿನದೂ ನಿಮ್ಮ ಪಾಲು ಎಂದು ಬೀಗಿತಿ ಆರೋಗ್ಯಮ್ಮ ಫೋನಿನಲ್ಲಿ ಹೇಳಿದಾಗ ನಾನು ಪಿಲ್ಲಗುಂಪೆಯ ಫ್ಯಾಕ್ಟರಿ ಗೇಟಿನ ಹೊರಗೆ ಕಂಪನಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ.

“ಮಾಡೋದೆಲ್ಲ ನಾವೇ ಮಾಡ್ತೀವಿ ಮಮತಕ್ಕ. ಏನು ಮಾಡ್ಬೇಕು ಅಂತ ನೀವು ಹೇಳಿದ್ರೆ ಸಾಕು. ಕ್ರಿಸ್ಮಸ್ ದಿನ ನಮ್ಮ ಕಡೆಯೋರೇ ನಲವತ್ತು ಜನ ಆಗ್ತಾರೆ. ಅವ್ರಿಗೆ ಏನ್ ಹಾಕಿದ್ರೂ ತಿಂತಾರೆ ಬಿಡಿ. ನಿಮ್ಮತ್ತೆ ಉಣ್ಬೇಕು, ನಂಗಷ್ಟೇ.”

ನನಗೂ ಅಷ್ಟೇ ಬೇಕಾಗಿತ್ತು. ಆದರೆ ಅದು ಎಷ್ಟು ಬೇಕಾಗಿತ್ತು ಎನ್ನುವುದು ಆರೋಗ್ಯಮ್ಮನಿಗೆ ಗೊತ್ತಿರಲಿಲ್ಲ.

ಮಗಳು ರಂಜಿತ ಆರೋಗ್ಯಮ್ಮನ ಮಗ ಅರುಳ್‌ನನ್ನು ಮದುವೆಯಾಗಿ ಎರಡು ವರ್ಷವಾಯಿತು. ಅವರು ದೇವನಹಳ್ಳಿ ಕಡೆಯ ಕ್ರೈಸ್ತರು. ನಾವು ಸೂಲಿಬೆಲೆಯಲ್ಲಿ ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿಕೊಂಡು ಇರುವವರು. ರಿಜಿಸ್ಟರ್ ಆಫೀಸಿನಲ್ಲಿ ನಡೆದ ಮದುವೆಗೆ ನಮ್ಮ ಮಾವ ರಾಮಾಂಜಿನಪ್ಪ ಬರಲಿಲ್ಲ, ಅತ್ತೆ ನರಸಮ್ಮ ಬರಲಿಲ್ಲ. ನಮ್ಮಲ್ಲಿ ಮದುವೆ ಮುಗಿಯಿತು ಅಂತಾಗುವುದು ಬೀಗರನ್ನು ಕರೆದು ಬಾಡೂಟ ಹಾಕಿದ ಮೇಲೆ. ಆ ಬೀಗರ ಊಟವೂ ಆಗಲಿಲ್ಲ. ಹೋದ ವರ್ಷ ಮಾವ ತೀರಿಕೊಂಡಾಗ ಆರೋಗ್ಯಮ್ಮ ಮತ್ತು ಅವರ ಗಂಡ ಚೌರಪ್ಪ ಯಾರೂ ಕರೆಯದೆಯೇ ತಿಥಿಗೆ ಬಂದಿದ್ದರು. ತಿಥಿಗೆ ಬಂದವರನ್ನು ಹಸಿದು ಕಳಿಸುವ ಹಾಗಿಲ್ಲವಲ್ಲ, ಉಂಡು ಹೋದರು.

ಅತ್ತೆ ಮಾತ್ರ ಬೀಗರ ಮನೆಯಲ್ಲಿ ನೀರನ್ನೂ ಮುಟ್ಟಿರಲಿಲ್ಲ. ಒಂದು ಸಲ ದೇವನಹಳ್ಳಿಗೆ ಕಣ್ಣು ತೋರಿಸಲು ಹೋದಾಗ ಮೊಮ್ಮಗಳ ಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, “ಬಾಯಾರಿಕೆ ಇಲ್ಲ ಕಣವ್ವ” ಎಂದು ಎದ್ದು ಬಂದಿದ್ದರು. ರಂಜಿತ ತಾನು ತಂದ ನೀರಿನ ಲೋಟವನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು. ಅವತ್ತು ಏನೂ ಹೇಳಲಿಲ್ಲ. ಈಗ ಏಳು ತಿಂಗಳ ಬಸುರಿ, ಈಗ ಹೇಳಿದಳು.

“ಅಜ್ಜಿ ನಮ್ಮನೇಲಿ ಉಂಡು ಕೈ ತೊಳೆದ್ರೆ ನಾನು ಬಾಣಂತನಕ್ಕೆ ಬರ್ತೀನಿ. ಇಲ್ದಿದ್ರೆ ಇಲ್ಲೇ ಹೆರ್ತೀನಿ. ನನ್ನ ಮನೆ ನೀರು ಕುಡೀದೋರು ನನ್ನ ಮಗೂಗೆ ನೀರು ಹಾಕೋದು ಬೇಡ.”

ನಮ್ಮ ಬೀದಿಯ ಅರ್ಧ ಮಕ್ಕಳಿಗೆ ಎಣ್ಣೆ ಒತ್ತಿ ನೀರು ಹಾಕಿದ ಕೈ ಅತ್ತೆಯದು. ಮೊಮ್ಮಗಳ ಮಗುವಿಗೆಂದು ಹಳೆಯ ಪಂಚೆಗಳನ್ನು ಒಗೆದು ಮಡಿಸಿ ಟ್ರಂಕಿನಲ್ಲಿ ಇಟ್ಟಿದ್ದರು. ಈ ಮಾತನ್ನು ಅವರಿಗೆ ಹೇಗೆ ಮುಟ್ಟಿಸುವುದು? ಹೇಳಿದರೆ ಹಟ ಇನ್ನೂ ಹೆಚ್ಚುತ್ತದೆ ಎಂದು ಗಂಡ ಚಲಪತಿ ಬಾಯಿ ಬಿಡಬೇಡ ಎಂದರು.

ಕ್ರಿಸ್ಮಸ್ ಊಟಕ್ಕೆ ಕರೆದಿದ್ದಾರೆ ಎಂದಾಗ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಮುಖ ಎತ್ತಲಿಲ್ಲ.

“ಮೊಮ್ಮಗಳು ಕರ್ದವ್ಳೆ, ಬತ್ತೀನಿ. ಉಣ್ಣೋ ಮಾತು ಅಲ್ಲಿಗೆ ಹೋದ್ಮೇಲೆ. ಧನುರ್ಮಾಸ, ಗೊತ್ತಲ್ಲ? ಬಾಡು ಮುಟ್ಟಲ್ಲ. ಮೊಟ್ಟೇನೂ ಬಾಡೇ.”

ಕೊಟ್ಟಿಗೆಯ ಹತ್ತಿರ ಚಲಪತಿ ನನ್ನನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದರು: “ನಮ್ಮವ್ವಂಗೆ ಉಣ್ಣದೇ ಇರೋಕೆ ಒಂದು ನೆಪ ಸಿಕ್ಕಿದ್ರೆ ಸಾಕು ಕಣೇ. ನೆಪ ಸಿಗ್ದಂಗೆ ಮಾಡು.”

ಅಂದಿನಿಂದ ನನ್ನ ತಲೆಯಲ್ಲಿ ಅದೊಂದೇ. ಪ್ಯಾಕಿಂಗ್ ಲೈನಿನಲ್ಲಿ ಡಬ್ಬಕ್ಕೆ ಟೇಪು ಹಾಕುವಾಗಲೂ ಅತ್ತೆಯ ಎಲೆಯೇ ಕಣ್ಣ ಮುಂದೆ. ಮೊದಲು ಏನು ಬೀಳಬೇಕು, ಕೊನೆಗೆ ಏನು.

ಭಾನುವಾರ ಮೂವರೂ ಒಂದೇ ಕಾಲ್‌ನಲ್ಲಿ ಕೂತೆವು: ನಾನು, ರಂಜಿತ, ಆರೋಗ್ಯಮ್ಮ.

“ಗೋಬಿ ಮಂಚೂರಿ ಇಡೋಣ, ಅಜ್ಜಿಗೆ ಇಷ್ಟ,” ಎಂದಳು ರಂಜಿತ.

“ಗೋಬಿ ಕರಿಯೋದು ಯಾವ ಎಣ್ಣೇಲಿ?”

ಆರೋಗ್ಯಮ್ಮ, “ಕಬಾಬ್ ಕರಿಯೋ ಬಾಣಲೇಲೇ ಅಲ್ವಾ ಅಡುಗೆಯವನು ಹಾಕೋದು,” ಎಂದು ತಾವೇ ಹೇಳಿ, “ಅಯ್ಯೋ ದೇವರೇ, ಬೇಡ” ಎಂದರು.

“ಪನ್ನೀರ್ ಟಿಕ್ಕ?”

“ಅಜ್ಜಿ ಅದನ್ನ ರಬ್ಬರು ಅಂತಾರೆ ಕಣೇ. ಹೋದ್ಸಲ ಯಾರದ್ದೋ ಮದುವೇಲಿ ಎಲೆ ಕೆಳಗೆ ಬಚ್ಚಿಟ್ಟು ಬಂದ್ರು.”

“ಹಂಗಾದ್ರೆ ಏನು ಕೊಡೋಣ ಅಮ್ಮ? ನಿಪ್ಪಟ್ಟಾ?”

“ಹಲ್ಲೆಲ್ಲಿದೆ?”

ಆರೋಗ್ಯಮ್ಮ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಬಜ್ಜಿ, ಬೋಂಡ, ಒಂದೊಂದನ್ನೇ ಮನಸ್ಸಿನಲ್ಲಿ ಎಲೆಗೆ ಇಟ್ಟು ನೋಡಿ ತೆಗೆದೆ. ವಡೆಯ ಯೋಚನೆ ನನಗೆ ಬರಲೇ ಇಲ್ಲ. ನಮ್ಮ ಮನೆಯಲ್ಲಿ ಹಬ್ಬಕ್ಕೆ ವಡೆ ಸುಡುವುದಿಲ್ಲ. ಉದ್ದಿನ ವಡೆ, ಜೊತೆಗೆ ಪಾಯಸ, ಅದು ತೀರಿಹೋದ ಹಿರಿಯರಿಗೆ ಇಡುವ ಎಡೆ. ಮನೆಯವರಿಗೆಲ್ಲ ಗೊತ್ತಿರುವ ಮಾತು, ಯಾರಿಗೂ ಹೇಳಬೇಕಾಗಿ ಬಂದದ್ದಿಲ್ಲ.

ಕೊನೆಗೆ ಅವರೆಕಾಳೇ ಗತಿ ಎನಿಸಿತು. ಕಾಲವೂ ಅದರದೇ. ಹಿಸುಕಿದ ಅವರೆಬೇಳೆಯನ್ನು ಬೇಯಿಸಿ, ಇಂಗು, ಕಾಯಿತುರಿ ಹಾಕಿ ಮೆತ್ತಗೆ ಒಗ್ಗರಣೆ ಕೊಟ್ಟರೆ ಹಲ್ಲೂ ಬೇಡ, ಬಾಣಲೆಯ ಜಗಳವೂ ಇಲ್ಲ. ಬೇಳೆಯನ್ನು ನಾನೇ ಹಿಸುಕಿ ತರುತ್ತೇನೆ ಎಂದೆ. ಮಿಕ್ಕವರಿಗೆ ಕಬಾಬ್, ಗೋಬಿ, ಏನಾದರೂ ಕರಿಯಲಿ, ಹಿತ್ತಲಲ್ಲಿ.

“ಡೆಸರ್ಟ್‌ಗೆ?” ಎಂದಳು ರಂಜಿತ. “ಕೇಕು, ಕಲ್ಕಲ್ ಹೆಂಗೂ ಇರುತ್ತೆ. ಅರುಳ್ ಐಸ್‌ಕ್ರೀಮ್ ಹೇಳಿದಾನೆ.”

“ಒಬ್ಬಟ್ಟು ನಾನು ಮಾಡ್ಕೊಂಡು ಬರ್ತೀನಿ. ಎಲೆ ಹಾಕಿದ ತಕ್ಷಣ ಅಜ್ಜಿಗೆ ಅದನ್ನ ಬಡಿಸ್ಬೇಕು.”

“ಅಮ್ಮ, ಡೆಸರ್ಟ್ ಕೊನೇಲಿ ಕಣಮ್ಮ.”

“ನಿಮ್ಮಜ್ಜಿಗೆ ಸಿಹಿ ಕೊನೇಲಿ ಕೊಟ್ರೆ, ಈಗ ಊಟ ಶುರುವಾಯ್ತಾ ಅಂತ ಕೇಳ್ತಾರೆ.”

ಫೋನಿಡುವ ಮುಂಚೆ ಆರೋಗ್ಯಮ್ಮ, “ನಿಮ್ಮತ್ತೆಗೆ ಅಂತ ನಂದೂ ಒಂದಿದೆ ಮಮತಕ್ಕ. ಏನು ಅಂತ ಈಗ ಕೇಳ್ಬೇಡಿ, ರಂಜಿತಂಗೂ ಹೇಳಲ್ಲ” ಎಂದರು.

“ಮೊಟ್ಟೆ ಗಿಟ್ಟೆ…”

“ಅಯ್ಯೋ, ಅಷ್ಟೂ ತಿಳಿಯಲ್ವಾ ನಂಗೆ?”

ತಿಳಿಯುತ್ತದೆ ಎಂದೇ ಸುಮ್ಮನಾದೆ. ಆದರೂ ಒಬ್ಬಟ್ಟಿಗೆ ಹೂರಣ ರುಬ್ಬುವಾಗ ಅದೇ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಏನಿರಬಹುದು?

ಕ್ರಿಸ್ಮಸ್ ದಿನ ಚಲಪತಿ ಹಾಲು ಹಾಕಿ ಬಂದ ಮೇಲೆ ಆಟೋ ಮಾಡಿಕೊಂಡು ಹೊರಟೆವು. ಅತ್ತೆ ಹೊಸ ಸೀರೆ ಉಟ್ಟಿದ್ದರು, ಆದರೆ ಬೆಳಿಗ್ಗೆಯೇ ಮುದ್ದೆ ಉಂಡಿದ್ದರು. ಉಂಡು ಬಂದವರಿಗೆ ಹಸಿವಿಲ್ಲ ಎನ್ನುವುದು ಸುಲಭ.

ಬೀಗರ ಮನೆ ಮುಂದೆ ನಕ್ಷತ್ರದ ದೀಪ ತೂಗುತ್ತಿತ್ತು. ಜಗಲಿಯ ಮೇಲೆ ಹುಲ್ಲು ಹಾಸಿ, ಮಣ್ಣಿನ ಹಸು ಇಟ್ಟು, ಯೇಸು ಹುಟ್ಟಿದ ಗೋದಲಿ ಕಟ್ಟಿದ್ದರು. ಅತ್ತೆ ಅದರ ಮುಂದೆ ನಿಂತು, “ಹಸ ಚೆನ್ನಾಗ್ ಮಾಡವ್ರೆ. ಕೊಂಬು ಮಾತ್ರ ನಮ್ ಕಡೇದಲ್ಲ” ಎಂದರು. ಚೌರಪ್ಪ ಕೈಮುಗಿದು ಒಳಗೆ ಕರೆದರು. ಹಿತ್ತಲಿನಿಂದ ಕಬಾಬಿನ ಘಾಟು ಬರುತ್ತಿತ್ತು. ರಂಜಿತ ನೀರಿನ ಲೋಟ ಹಿಡಿದು ಬಂದಳು.

“ಆಮೇಲೆ ಕುಡೀತೀನಿ, ಇಡು.”

ರಂಜಿತ ನನ್ನ ಕಡೆ ನೋಡಿದಳು. ನಾನು ಅಡುಗೆಮನೆಗೆ ಹೋದೆ. ಅವರೆಬೇಳೆಯನ್ನು ಬೇರೆ ಒಲೆಯ ಮೇಲೆ ಬೇಯಿಸಿ ನಾನೇ ಒಗ್ಗರಣೆ ಹಾಕಿದೆ. ಕೇಕಿನ ತಟ್ಟೆಯನ್ನು ಅತ್ತೆ ಕೂರುವ ಸಾಲಿನಿಂದ ದೂರ ಸರಿಸಿದೆ. ಒಬ್ಬಟ್ಟಿನ ಡಬ್ಬ ಕೈಗೆ ಸಿಗುವ ಹಾಗೆ ಇಟ್ಟುಕೊಂಡೆ. ನೆಪಕ್ಕೆ ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ.

ಮೇಜಿನ ಮೇಲೆ ಬಾಳೆಲೆ ಹಾಕಿದರು. ಚೌರಪ್ಪ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದರು. ಅತ್ತೆ ಕಣ್ಣು ಮುಚ್ಚಲಿಲ್ಲ, ಆದರೆ ಎಲೆಗೆ ನೀರು ಚಿಮುಕಿಸಿ ಒರೆಸಿದರು. ಉಣ್ಣುವವರು ಮಾಡುವ ಕೆಲಸ ಅದು. ನಾನು ಒಬ್ಬಟ್ಟಿನ ಡಬ್ಬದ ಮುಚ್ಚಳ ತೆಗೆದೆ.

ಅಷ್ಟರಲ್ಲಿ ಆರೋಗ್ಯಮ್ಮ ಮುಚ್ಚಿದ ಪಾತ್ರೆ ಹಿಡಿದು ನನ್ನನ್ನು ದಾಟಿಕೊಂಡು ಬಂದರು. “ಮೊದ್ಲು ನಂದು, ಮಮತಕ್ಕ. ನಮ್ಮ ತಂಗಿ ಮನೇಲಿ ಮಾಡಿಸ್ಕೊಂಡು ಬಂದೆ, ಬಾಡಿನ ಗಾಳೀನೂ ಸೋಕಿಲ್ಲ.”

ಅತ್ತೆಯ ಎಲೆಯ ಮೇಲೆ ಎರಡು ಉದ್ದಿನ ವಡೆ ಬಿದ್ದವು. ಪಕ್ಕಕ್ಕೆ ಒಂದು ಸೌಟು ಶಾವಿಗೆ ಪಾಯಸ.

ನನ್ನ ಕೈಯಲ್ಲಿದ್ದ ಒಬ್ಬಟ್ಟು ಕೈಯಲ್ಲೇ ಉಳಿಯಿತು. ಚಲಪತಿ ಕುರ್ಚಿಯಿಂದ ಅರ್ಧ ಎದ್ದರು. ನೀರಿನ ಜಗ್ಗು ಹಿಡಿದಿದ್ದ ರಂಜಿತ ಅಜ್ಜಿಯ ಎಲೆ ನೋಡಿ, ಮುಖ ನೋಡಿ, “ಅಮ್ಮ” ಎಂದಳು. ಯಾರನ್ನು ಕರೆದಳೋ ತಿಳಿಯಲಿಲ್ಲ.

ಅತ್ತೆ ಎಲೆಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ಇದನ್ನ ಮಾಡು ಅಂತ ನಿಂಗ್ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲಮ್ಮ.” ಆರೋಗ್ಯಮ್ಮನ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. “ಯಾಕಮ್ಮ, ಏನಾಯ್ತು?”

“ಯಾರು ಹೇಳಿದ್ರು ಅಂದೆ.”

“ನಿಮ್ಮನೇಲಿ ನಾವು ಉಂಡಿರೋದು ಅದೊಂದೇ ಊಟ ಅಲ್ವಾ. ಯಜಮಾನ್ರ ತಿಥಿ ದಿನ. ನೀವೇ ಬಡಿಸಿದ್ರಿ. ವಡೆ ಹಾಕ್ತಾ, ಇನ್ನೊಂದು ಹಾಕ್ಕೋ ಅಂದ್ರಿ ನಂಗೆ. ನಿಮಗೂ ಇಷ್ಟ ಅನ್ಕೊಂಡೆ.”

ಮೇಜಿನ ಆ ತುದಿಯಲ್ಲಿ ಯಾವುದೋ ಮಗು ಕಬಾಬ್ ಕೇಳುತ್ತಿತ್ತು. ನಾನು ಹೇಳಲೇಬೇಕಾಯಿತು.

“ಆರೋಗ್ಯಮ್ಮ, ನಮ್ಮಲ್ಲಿ ವಡೆ ಪಾಯಸ ಸತ್ತೋರ ಎಡೆಗೆ ಮಾತ್ರ. ಬದುಕಿರೋರಿಗೆ ಶುಭದ ದಿನ ಬಡಿಸಲ್ಲ.”

ಅವರು ಕೈಯಲ್ಲಿದ್ದ ಪಾತ್ರೆಯನ್ನು ಮೇಜಿನ ಮೇಲಿಟ್ಟರು. “ತಿಥಿ ಊಟ ಅಂತ ಗೊತ್ತಿತ್ತು. ವಡೆನೂ ಅದಕ್ಕೇ ಅಂತ… ನಮ್ಮಲ್ಲಿ ಹಬ್ಬಕ್ಕೇ ಮಾಡೋದು ಮಮತಕ್ಕ. ನಿಮ್ಮನೆ ಬೇರೆ ಊಟ ನಾನು ನೋಡೇ ಇಲ್ವಲ್ಲ.”

ಆ ಕೊನೆಯ ಮಾತನ್ನು ಅವರು ಚುಚ್ಚಲು ಹೇಳಿದ್ದಲ್ಲ. ಅದಕ್ಕೇ ಇರಬೇಕು, ನನಗೆ ತಲೆ ಎತ್ತಲಾಗಲಿಲ್ಲ. ಎಲೆ ತೆಗೆಯಲು ಆರೋಗ್ಯಮ್ಮ ಕೈ ಚಾಚಿದರು.

“ಮುಟ್ಬೇಡ,” ಎಂದರು ಅತ್ತೆ.

ಈಗ ಏಳುತ್ತಾರೆ, ಸೀರೆ ಸರಿಮಾಡಿಕೊಂಡು ಆಟೋ ಎಲ್ಲಿ ಎಂದು ಕೇಳುತ್ತಾರೆ ಎಂದುಕೊಂಡೆ. ಇದಕ್ಕಿಂತ ದೊಡ್ಡ ನೆಪ ಇನ್ಯಾವುದಿದೆ? ನ್ಯಾಯವೂ ಅವರ ಕಡೆಯೇ ಇತ್ತು. ಊರಲ್ಲಿ ಯಾರ ಮುಂದೆ ಹೇಳಿದರೂ ನರಸಮ್ಮ ಎದ್ದು ಬಂದದ್ದು ಸರಿ ಎನ್ನುತ್ತಿದ್ದರು.

ಅತ್ತೆ ಎಲೆಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ, “ಒಂದೇ ಊಟ,” ಎಂದರು, ತಮಗೆ ತಾವೇ. “ಅದೂ ನಾವು ಕರೀದೇ ಬಂದು ಉಂಡಿದ್ದು.”

ಆರೋಗ್ಯಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಚಲಪತಿ, ನಿನ್ ಪಕ್ಕದ ಎಲೆ ಖಾಲಿ ಐತಲ್ಲ, ಈ ಕಡೆ ತಳ್ಳು.”

ಚಲಪತಿ ತಳ್ಳಿದರು. ಅತ್ತೆ ತಮ್ಮ ಎಲೆಯನ್ನು, ಅದರ ಮೇಲಿನ ವಡೆ ಪಾಯಸ ಸಮೇತ, ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ, ಖಾಲಿ ಕುರ್ಚಿಯ ಮುಂದೆ ಸರಿಸಿಟ್ಟರು. ಲೋಟದಿಂದ ನಾಲ್ಕು ಹನಿ ನೀರನ್ನು ಆ ಎಲೆಯ ಸುತ್ತ ಬಿಟ್ಟರು. ರಂಜಿತ ಆಗಲೇ ತಂದಿಟ್ಟಿದ್ದ ಲೋಟ ಅದು.

“ಇದು ಅವ್ರದ್ದು. ಮೊಮ್ಮಗಳ ಮನೆ ನೋಡ್ದೇ ಹೋದ್ರು. ಅವ್ರೂ ಉಣ್ಲಿ.”

ಹೊಸ ಎಲೆಯನ್ನು ತಮ್ಮ ಮುಂದೆ ಎಳೆದುಕೊಂಡು ಒರೆಸಿದರು. ನನ್ನ ಕಡೆ ನೋಡಿದರು. “ಏನೇ, ಒಬ್ಬಟ್ಟು ಕೈಲಿ ಹಿಡ್ಕೊಂಡು ನಿಂತಿದ್ದೀಯ? ಹಾಕು.”

ಹಾಕಿದೆ. ಮೇಲೆ ತುಪ್ಪ ಬಿಟ್ಟೆ. ಅವರೆಬೇಳೆಯನ್ನು ಆರೋಗ್ಯಮ್ಮನ ಕೈಯಿಂದಲೇ ಬಡಿಸಿಕೊಂಡರು. ಒಂದು ತುತ್ತು ಬಾಯಿಗಿಟ್ಟು, “ಉಪ್ಪು ಕಮ್ಮಿ” ಎಂದರು. ಉಪ್ಪು ಹಾಕಿದ್ದು ನಾನು.

“ಆರೋಗ್ಯಮ್ಮ, ಧನುರ್ಮಾಸ ಮುಗೀಲಿ. ಸಂಕ್ರಾಂತಿ ಕಳೆದ್ಮೇಲೆ ನಿಮ್ಮೋರನ್ನೆಲ್ಲ ಕರ್ಕೊಂಡು ಬಾ, ನಲವತ್ತು ಜನಾನೂ. ಬೀಗರ ಊಟ ಬಾಕಿ ಐತೆ.”

“ಬರ್ತೀವಮ್ಮ,” ಎಂದರು ಆರೋಗ್ಯಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು ಬಿರಿಯಾನಿ ನೋಡುವ ನೆಪದಲ್ಲಿ ಒಳಗೆ ಹೋದರು.

ರಂಜಿತ ಇನ್ನೂ ನಿಂತೇ ಇದ್ದಳು. ಅಜ್ಜಿಯ ಲೋಟದಲ್ಲಿ ಉಳಿದಿದ್ದ ನೀರನ್ನು ಅಜ್ಜಿ ಕುಡಿಯುವವರೆಗೂ ಅವಳು ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಗೆ ಅದು ಹೇಗೆ ತಿಳಿಯಿತೋ. ಲೋಟ ಎತ್ತಿ ಗಟಗಟನೆ ಕುಡಿದು ಖಾಲಿ ಮಾಡಿ, ಅವಳ ಮುಂದೆ ಹಿಡಿದರು.

“ಇನ್ನೊಂದಿಷ್ಟು ಹಾಕು. ಹಾಕ್ಬಿಟ್ಟು ಕೂತ್ಕೊಳ್ಳೇ, ಬಸುರಿ ಹೆಂಗ್ಸು. ಕರ್ಕೊಂಡ್ ಹೋಗೋಕೆ ಯಾವತ್ತು ಬರ್ಬೇಕು, ಅದನ್ನ ಹೇಳು.”