ಪರದೇಶಿಗಳಿಗೊಂದು ಮನೆ

ಬೆಳಗ್ಗೆ ಎಂಟಕ್ಕೆ ಗುಮಾಸ್ತ ನರಸಯ್ಯ ಚನ್ನಪಟ್ಟಣದ ರೇಷ್ಮೆ ಫಾರಮ್ಮಿನ ಗೇಟು ದಾಟಿದನೆಂದರೆ, ಹಿಪ್ಪುನೇರಳೆ ಸಾಲಿನ ಆ ತುದಿಯಿಂದ ತಾನಪ್ಪನವರು ಎದುರಿಗೆ ಬರಲೇಬೇಕು. ಬಂದವರು ಕೈ ಮುಗಿಯುತ್ತಿರಲಿಲ್ಲ, ಸೊಂಟದವರೆಗೆ ಬಗ್ಗುತ್ತಿದ್ದರು. ಒಬ್ಬ ಗುಮಾಸ್ತನಿಗೆ ಇಷ್ಟು ಬಗ್ಗಿದವರನ್ನು ಆ ಊರು ಕಂಡಿರಲಿಲ್ಲ. ನರಸಯ್ಯನಿಗೆ ನಾಚಿಕೆಯಾಗಿ ಅವನೂ ಅರೆಬರೆ ಬಗ್ಗುತ್ತಿದ್ದ. ಆಮೇಲೆ ತಾನಪ್ಪನವರು ತಲೆಯೆತ್ತಿ ಒಂದೇ ಒಂದು ಮಾತು ಕೇಳುತ್ತಿದ್ದರು.

"ಮನೆ?"

"ಇಲ್ಲ ಸ್ವಾಮಿ."

"ಇಲ್ಲ," ಎಂದು ಅವರೂ ಮೆಲ್ಲಗೆ ಹೇಳಿಕೊಂಡು, ಮತ್ತೊಮ್ಮೆ ಬಗ್ಗಿ, ಹುಳು ಸಾಕುವ ಕೊಠಡಿಯತ್ತ ಹೋಗಿಬಿಡುತ್ತಿದ್ದರು. ಮೂರು ವಾರದಿಂದ ಇದೇ ನಡೆದಿತ್ತು. ಅವರು ಕಲಿತ ಕನ್ನಡವೆಂದರೆ ಈ ಎರಡು ಮಾತು.

ಅವರ ನಿಜವಾದ ಹೆಸರು ತನಾಬೆ. ಆದರೆ ಬಂದವರ ಹೆಸರನ್ನು ತಮ್ಮ ನಾಲಗೆಗೆ ತಕ್ಕಂತೆ ತಿದ್ದಿಕೊಳ್ಳದೆ ನಮ್ಮ ಜನಕ್ಕೆ ಸಮಾಧಾನವೇ ಇಲ್ಲ ನೋಡಿ. ವಾರ ಕಳೆಯುವುದರೊಳಗೆ ತನಾಬೆಯವರನ್ನು ತಾನಪ್ಪ ಮಾಡಿಬಿಟ್ಟರು. ಜಪಾನು ದೇಶದವರು. ಯೂರೋಪಿನಲ್ಲಿ ದೊಡ್ಡ ಯುದ್ಧ ಹತ್ತಿಕೊಳ್ಳುವುದಕ್ಕೆ ಒಂದು ವರ್ಷ ಮುಂಚಿನ ಮಾತಿದು. ರೋಗವಿಲ್ಲದ ರೇಷ್ಮೆ ಮೊಟ್ಟೆ ತೆಗೆಯುವ ವಿದ್ಯೆ ಕಲಿಸಲೆಂದು ಮೂರು ವರ್ಷದ ಕರಾರಿನ ಮೇಲೆ ಅವರನ್ನು ಕರೆಸಿದ್ದರು. ಸಂಬಳ ಗೊತ್ತಾಗಿತ್ತು, ಕೆಲಸ ಗೊತ್ತಾಗಿತ್ತು. ಇರುವುದೆಲ್ಲಿ ಎಂಬುದೊಂದನ್ನು ಯಾರೂ ಯೋಚಿಸಿರಲಿಲ್ಲ. ತಾನಪ್ಪನವರು ಫಾರಮ್ಮಿನ ಸೊಪ್ಪಿನ ಕೊಟ್ಟಿಗೆಯಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಬೆಂಗಳೂರಿನಲ್ಲಿ ತಮ್ಮ ದೇಶದವರೊಬ್ಬರ ಮನೆಯಲ್ಲಿದ್ದರು. ಆ ಮನೆಯವರು ಬರುವ ಭಾನುವಾರ ಗಂಟುಮೂಟೆ ಕಟ್ಟಿ ತಮ್ಮ ದೇಶಕ್ಕೆ ಹೊರಡುವವರಿದ್ದರು. ಅಷ್ಟರೊಳಗೆ ಚನ್ನಪಟ್ಟಣದಲ್ಲಿ ಮನೆ ಸಿಕ್ಕದಿದ್ದರೆ ತಾಯಿಮಗಳೂ ಅವರ ಜೊತೆಗೇ ಹಡಗು ಹತ್ತಬೇಕು. ಮೂರು ವರ್ಷ ಅವರು ಇವರನ್ನು ನೋಡುವಂತಿಲ್ಲ, ಇವರು ಅವರನ್ನು ನೋಡುವಂತಿಲ್ಲ.

ಮನೆ ಹುಡುಕುವ ಕೆಲಸ ಕಚೇರಿಯವರೆಲ್ಲ ಸೇರಿ ನರಸಯ್ಯನ ತಲೆಗೆ ಕಟ್ಟಿದ್ದರು. ಅವನಿಗೆ ಹರಕುಮುರುಕು ಇಂಗ್ಲಿಷು ಬರುತ್ತಿತ್ತು, ತಾನಪ್ಪನವರಿಗೂ ಅಷ್ಟೇ. ಎರಡು ಹರಕು ಸೇರಿಸಿ ಹೇಗೋ ಮಾತು ನಡೆಯುತ್ತಿತ್ತು. ನರಸಯ್ಯನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಸೋಲೂರಿನ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಅಷ್ಟಕ್ಕೇ ಅವನಿಗೆ ಮನೆ ಬಿಕೋ ಎನ್ನುತ್ತಿತ್ತು. ಸೋಮವಾರ ತಾನಪ್ಪನವರು ಜೇಬಿನಿಂದ ಮಗಳ ಫೋಟೋ ತೆಗೆದು, "ಹಾನಾ" ಎಂದು ಹೆಸರು ಹೇಳಿ, ಬೆರಳಿನಿಂದ ಧೂಳೊರೆಸಿ ಮತ್ತೆ ಒಳಗಿಟ್ಟುಕೊಂಡರು. ಏನಾದರಾಗಲಿ, ಈ ವಾರದೊಳಗೆ ಮನೆ ಮಾಡಿಕೊಡುತ್ತೇನೆ ಎಂದು ನರಸಯ್ಯ ಮಾತು ಕೊಟ್ಟುಬಿಟ್ಟ.

ಮಾತು ಕೊಡುವುದು ಸುಲಭ. ಬುಧವಾರ ಸಂಜೆ ಅವನು ತನ್ನ ಬೀದಿಯ ದಾಸಮ್ಮನ ಜಗಲಿಯ ಮೇಲೆ ಕೂತಿದ್ದ. ಮಗ್ಗುಲಿಗಿದ್ದ ದಾಸಮ್ಮನದೇ ಇನ್ನೊಂದು ಮನೆ ಆರು ತಿಂಗಳಿಂದ ಬೀಗ ಹಾಕಿಕೊಂಡಿತ್ತು.

"ಅವ್ರು ಹಾವು ಕಪ್ಪೆ ಎಲ್ಲಾ ತಿಂತಾರಂತಲ್ಲಪ್ಪ," ಎಂದಳು ದಾಸಮ್ಮ.

"ಯಾರಕ್ಕ ಹೇಳಿದ್ದು? ಮೂರು ವಾರದಿಂದ ನಾನೇ ನೋಡ್ತಾ ಇವ್ನಿ. ಅನ್ನ, ಸೊಪ್ಪು, ಒಂದೊಂದ್ಸಲ ಮೀನು."

"ತಿನ್ನೋದು ಹಾಳಾಗ್ಲಿ ಬುಡು. ನಮ್ಮ ಹುಡುಗೀಗೆ ಕನಕಪುರದ ಕಡೆ ಗಂಡು ಗೊತ್ತಾಗೈತೆ. ನಾಳೆ ಬೀಗರು ಬಂದು, ಪಕ್ಕದ ಮನೇಲಿ ಯಾರು, ಏನ್ ಜಾತಿ ಅಂದ್ರೆ ಏನಂತ ಹೇಳ್ಲಿ? ನಿನ್ಗಾದ್ರೆ ಕೆಲಸ, ನನ್ಗೆ ಮಗಳ ಬದುಕು ಕಣಪ್ಪ."

ದಾಸಮ್ಮ ಕೆಟ್ಟವಳಲ್ಲ. ಬೀಗರು ಹಾಗೆ ಕೇಳುವವರೇ ಎಂಬುದು ನರಸಯ್ಯನಿಗೂ ಗೊತ್ತಿತ್ತು. ಅವನು ಎದ್ದು ಪೀರ್ ಸಾಬ್‌ನ ಮನೆಗೆ ಹೋದ. ಪೀರ್ ಸಾಬ್ ಬುಗುರಿ, ಗಿಲಕಿ, ತೊಟ್ಟಿಲ ಗೊಂಬೆ ಕಡೆಯುವ ಮುದುಕ. ಮೈಯೆಲ್ಲ ಗೊಂಬೆಗೆ ಬಳಿಯುವ ಅರಗಿನ ಬಣ್ಣ. ಅವನ ಅಂಗಳದಾಚೆ ಒಂದು ಒಂಟಿ ಮನೆ ಖಾಲಿಯಿತ್ತು.

"ನಮ್ದು ಒಂದೇ ಅಂಗಳ, ಒಂದೇ ಬಾವಿ ನರಸಯ್ಯನೋರೆ," ಎಂದ ಪೀರ್ ಸಾಬ್. "ಒಳಗಡೆ ನಮ್ಮ ಹೆಣ್ಮಕ್ಳು ಗೋಷಾದಲ್ಲಿರ್ತಾರೆ. ಇನ್ನು ಅವ್ರು ಹಂದಿ ಗಿಂದಿ ಬೇಯಿಸಿದ್ರೆ? ತೌಬಾ! ಬ್ಯಾಡ ಅನ್ನೋಕೆ ನನ್ಗೂ ಬೇಜಾರೇ."

"ಎಲ್ರೂ ಹಿಂಗಂದ್ರೆ ಆ ಮನುಷ್ಯ ಎಲ್ಲಿಗೆ ಹೋಗ್ಬೇಕು ಸಾಬ್ರೇ? ಮನುಷ್ಯತ್ವ ಅನ್ನೋದು ಬ್ಯಾಡ್ವಾ?" ನರಸಯ್ಯನಿಗೆ ಸಿಟ್ಟೇ ಬಂದಿತ್ತು.

ಪೀರ್ ಸಾಬ್ ಉಳಿ ಕೆಳಗಿಟ್ಟು ಅವನ ಮುಖ ನೋಡಿದ. "ನಿಮ್ಮನೆ ಹಿತ್ತಲ ಕಡೆ ಎರಡಂಕಣ ಖಾಲಿ ಐತಲ್ಲ?"

"ನಮ್ದು ಹುಳ ಮೇಯಿಸೋ ಮನೆ ಸಾಬ್ರೇ. ಹೊರಗಿನೋರ ಕಣ್ಣು ಬಿದ್ರೆ..."

"ಹಾಂ. ನಿಮ್ದು ಹುಳ ಮೇಯಿಸೋ ಮನೆ. ನಮ್ದು ನಮಾಜು ಮಾಡೋ ಮನೆ. ದಾಸಮ್ಮಂದು ಮಗಳ ಲಗ್ನದ ಮನೆ." ಪೀರ್ ಸಾಬ್ ನಕ್ಕ. ಅದರಲ್ಲಿ ಕೊಂಕೇನೂ ಇರಲಿಲ್ಲ. ಆದರೂ ನರಸಯ್ಯನ ಕಿವಿ ಬಿಸಿಯಾಯಿತು. ಮೂರು ವಾರ ಊರಿನ ಬಾಗಿಲನ್ನೆಲ್ಲ ತಟ್ಟಿದ್ದ, ತನ್ನ ಮನೆಯ ಬಾಗಿಲೊಂದನ್ನು ಬಿಟ್ಟು.

ಬಿಟ್ಟಿದ್ದಕ್ಕೆ ಕಾರಣ ಅವನ ತಾಯಿ ಪುಟ್ಟಗೌರಮ್ಮ. ಹುಳುವಿನ ವಿಷಯದಲ್ಲಿ ಆಕೆ ಮಹಾ ಕಟ್ಟುನಿಟ್ಟು. ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಮನೆಯಲ್ಲಿ ಒಗ್ಗರಣೆ ಚಟಪಟ ಎನ್ನುವಂತಿಲ್ಲ. ಕೈಕಾಲು ತೊಳೆಯದೆ ಹೆತ್ತ ಮಗನೂ ಹುಳುವಿನ ಕೋಣೆಯ ಹೊಸ್ತಿಲು ತುಳಿಯುವಂತಿಲ್ಲ. ತಾನೇ ಒಳಗೆ ಹೋಗುವಾಗಲೂ ಉಸಿರು ತಾಗದಿರಲೆಂದು ಬಾಯಿಗೆ ಸೆರಗು ಹಿಡಿದು ಹೋಗುತ್ತಿದ್ದಳು. ಆ ಸಲದ ಹುಳು ಇನ್ನು ಮೂರ್ನಾಲ್ಕು ದಿನದಲ್ಲಿ ಹಣ್ಣಾಗುವುದರಲ್ಲಿತ್ತು.

ನರಸಯ್ಯ ಮನೆಗೆ ಬಂದಾಗ ಆಕೆ ನಡುಮನೆಯಲ್ಲಿ ಕಾಲು ಚಾಚಿ ಕೂತು ಸೊಪ್ಪು ಆರಿಸುತ್ತಿದ್ದಳು. ಅವನು ದೂರದಲ್ಲೇ ಕೂತು, ಹಿತ್ತಲ ಅಂಕಣದ ಮಾತು ತೆಗೆದ.

"ಯಾರಿಗ್ಲಾ?"

"ಗಂಡ ಹೆಂಡ್ತಿ, ಒಂದು ಹೆಣ್ಣುಮಗ. ಫಾರಮ್ಮಿನ ಕೆಲಸಕ್ಕೆ ಬಂದವ್ರೆ."

"ಯಾವ ಜನ?"

ಈ ಮಾತಿಗೇ ಅವನು ಹೆದರಿದ್ದು. "ಪರದೇಶಿಗಳು ಕಣವ್ವ," ಎಂದ.

ಕಚೇರಿಯ ಕಡತದಲ್ಲಿ ಹಾಗೇ ಬರೆದಿತ್ತು. ಅವನ ಬಾಯಿಗೂ ಅದೇ ಬಂತು. ಆದರೆ ಪುಟ್ಟಗೌರಮ್ಮ ಕಡತ ಓದಿದವಳಲ್ಲ. ಸೊಪ್ಪು ಆರಿಸುವ ಕೈ ನಿಂತಿತು.

"ಅಯ್ಯೋ ಶಿವನೇ! ಪರದೇಶಿಗಳಾ? ಹಿಂದೆ ಮುಂದೆ ಯಾರೂ ಇಲ್ವಾ?"

"ಈ ಊರಲ್ಲಿ ಯಾರೂ ಇಲ್ಲ," ಎಂದ ನರಸಯ್ಯ. ಅದು ಸುಳ್ಳೇನೂ ಅಲ್ಲ.

ಪುಟ್ಟಗೌರಮ್ಮ ಆರು ವರ್ಷದವಳಿದ್ದಾಗಲೇ ಹೆತ್ತವರಿಬ್ಬರೂ ಒಂದೇ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಯಾರ್ಯಾರದೋ ಮನೆಯ ಮೂಲೆಯಲ್ಲಿ, "ಪರದೇಶಿ ಮುಂಡೇದೇ" ಎಂದು ಬೈಸಿಕೊಳ್ಳುತ್ತ ಬೆಳೆದ ಜೀವ. ಆ ಮಾತು ಕಿವಿಗೆ ಬಿದ್ದರೆ ಐವತ್ತು ವರ್ಷದ ಮೇಲೂ ಆಕೆಯ ಎದೆ ಹಿಂಡುತ್ತಿತ್ತು.

"ಪರದೇಶಿಗಳು ಅಂದ್ಮೇಲೆ ಜಾತಿ ಕೇಳ್ತಾರೇನ್ಲಾ ಯಾರಾದ್ರೂ? ಕರ್ಕೊಂಡ್ ಬಾ ಹೋಗು. ಇದ್ದಿದ್ರಲ್ಲೇ ಒಸಿ ಗಂಜಿ ಅವ್ರಿಗೂ ಆಗ್ತದೆ," ಎಂದು ಕಣ್ಣೊರೆಸಿಕೊಂಡಳು.

ಈಗ ಹೇಳಬೇಕಾಗಿತ್ತು. ಅವ್ವ, ನೀನು ತಿಳಿದ ಹಾಗಲ್ಲ, ಅವರು ಸಮುದ್ರದಾಚೆಯವರು ಎಂದು ಹೇಳಬೇಕಾಗಿತ್ತು. ನಾಲಗೆಯ ತುದಿಗೆ ಬಂದದ್ದನ್ನು ನರಸಯ್ಯ ನುಂಗಿಕೊಂಡ.

ಮರುದಿನ ಗೇಟಿನಲ್ಲಿ ತಾನಪ್ಪನವರು, "ಮನೆ?" ಎಂದಾಗ, "ಐತೆ ಸ್ವಾಮಿ, ಮನೆ ಐತೆ!" ಎಂದ. ಅವರಿಗೆ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಮೂರನೆಯ ಕನ್ನಡ ಮಾತು ಆವತ್ತು ಕಲಿತರು. ಹುಳುವಿನ ತಟ್ಟೆ ಎತ್ತಿಡುತ್ತಾ, ಸೊಪ್ಪು ಹಾಕುತ್ತಾ, "ಮನೆ ಐತೆ, ಮನೆ ಐತೆ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದುದನ್ನು ಕಂಡು ಕೆಲಸದವರೆಲ್ಲ ನಕ್ಕರು. ನರಸಯ್ಯ ಮಾತ್ರ ನಗದೆ ಕಚೇರಿಯೊಳಕ್ಕೆ ಹೋದ.

ಸುದ್ದಿ ತಿಳಿದ ಪೀರ್ ಸಾಬ್ ಶುಕ್ರವಾರ ನಮಾಜು ಮುಗಿಸಿ ತಾನಾಗಿಯೇ ಬಂದು, ಹಿತ್ತಲ ಅಂಕಣಕ್ಕೆ ಬೇರೆ ಬಾಗಿಲು ಕೂರಿಸಿಕೊಟ್ಟ. "ಮನೆ ಕೊಡೋಕಾಗ್ಲಿಲ್ಲ, ಬಾಗ್ಲಾದ್ರೂ ಕೊಡ್ತೀನಿ," ಎಂದ. ಪುಟ್ಟಗೌರಮ್ಮ ನೆಲ ಸಾರಿಸಿದಳು. ಒಂದು ಕಂಬಳಿ, ತನ್ನದೊಂದು ಹಳೆಯ ಸೀರೆ, ಯಾರದೋ ಮನೆಯಿಂದ ಬೇಡಿ ತಂದ ಪುಟ್ಟ ಲಂಗ, ಎಲ್ಲವನ್ನೂ ಮಡಿಸಿ ಮೂಲೆಯಲ್ಲಿಟ್ಟಳು.

ಶನಿವಾರ ಮಧ್ಯಾಹ್ನ ರೈಲಿಳಿದವರನ್ನು ಹೊತ್ತ ಜಟಕಾ ಮನೆಯ ಮುಂದೆ ನಿಂತಿತು. ಮೊದಲು ನರಸಯ್ಯ, ಅವನ ಹಿಂದೆ ತಾನಪ್ಪನವರು ಇಳಿದರು. ಎರಡು ತೊಗಲಿನ ಪೆಟ್ಟಿಗೆ ಇಳಿದವು. ಅಗಲ ತೋಳಿನ ಬೂದು ಬಣ್ಣದ ನಿಲುವಂಗಿ ತೊಟ್ಟ ಹೆಂಗಸೊಬ್ಬಳು ಕೊಡೆ ಹಿಡಿದು ಇಳಿದಳು. ಹಣೆಯ ಮೇಲೆ ಕೂದಲು ಒಪ್ಪವಾಗಿ ಕತ್ತರಿಸಿದ ಮಗು ಅವಳ ಕೈ ಹಿಡಿದಿತ್ತು. ಬೀದಿಗೆ ಬೀದಿಯೇ ಜಗಲಿಗೆ ಬಂತು.

ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಪುಟ್ಟಗೌರಮ್ಮ ಇವರನ್ನು ನೋಡಿದಳು. ಇವರ ಹಿಂದೆ ಇಣುಕಿ ನೋಡಿದಳು.

"ಪರದೇಶಿಗಳೆಲ್ಲಿ ಮಗ?"

"ಇವ್ರೇ ಕಣವ್ವ."

ಎದುರು ಜಗಲಿಯಿಂದ ದಾಸಮ್ಮ ಕಿಸಕ್ಕನೆ ನಕ್ಕಳು. "ಏನ್ ಪುಟ್ಟಗೌರಕ್ಕ, ಗೊತ್ತಿಲ್ವಾ ನಿನ್ಗೆ? ಸಮುದ್ರದಾಚೆ ಜಪಾನಿನೋರು! ಹುಳ ಹಣ್ಣಾಗೋ ಹೊತ್ನಲ್ಲಿ ಇಂಥೋರ ಕಣ್ಣು ಬಿದ್ರೆ ಒಂದು ಗೂಡೂ ಉಳಿಯಾಕಿಲ್ಲ, ನೋಡ್ಕೊ."

ಪುಟ್ಟಗೌರಮ್ಮ ಮಗನ ಕಡೆ ತಿರುಗಿದಳು. "ಹೆತ್ತವ್ವಂಗೇ ಸುಳ್ಳು ಹೇಳಿದ್ಯೇನ್ಲಾ?"

"ಹೇಳಿದ ಹಂಗೇ ಆಯ್ತು ಕಣವ್ವ," ಎಂದ ನರಸಯ್ಯ ತಲೆ ತಗ್ಗಿಸಿ. "ನೀನು ಬೇರೆ ತಿಳ್ಕೊಂಡೆ ಅಂತ ಗೊತ್ತಿದ್ರೂ ಸುಮ್ಕಿದ್ದೆ. ಊರೋರ್ನೆಲ್ಲ ಬೈಕೊಂಡು ಬಂದು ನಾನೂ ಅಂಥವನೇ ಆದೆ. ನೀನು ಬ್ಯಾಡ ಅಂದ್ರೆ ಕರ್ಕೊಂಡು ಹೋಯ್ತೀನಿ."

ಮಾತು ತಿಳಿಯದಿದ್ದರೂ ಮುಖ ತಿಳಿಯುತ್ತದೆ. ತಾನಪ್ಪನವರು ತಾಯಿಯನ್ನೊಮ್ಮೆ ಮಗನನ್ನೊಮ್ಮೆ ನೋಡಿ, ಹೆಂಡತಿಯ ಕೈಯಿಂದ ಮಗುವನ್ನು ಎತ್ತಿಕೊಂಡು, ತೀರ ಮೆಲ್ಲಗೆ ಕೇಳಿದರು.

"ಮನೆ... ಇಲ್ಲ?"

ಪುಟ್ಟಗೌರಮ್ಮ ಮಗುವಿನ ಬೆವೆತ ಹಣೆ ನೋಡಿದಳು. "ಬಿಸ್ಲಾಗೆ ಮಗ ಬಾಡಿ ಹೋಗೈತೆ. ಒಳಕ್ಕೆ ಬಂದು ಒಸಿ ನೀರು ಕುಡೀಲಿ. ಮಿಕ್ಕಿದ್ದು ಆಮ್ಯಾಕೆ," ಎಂದು ಚೊಂಬು ಜಗಲಿಯ ಮೇಲಿಟ್ಟು ಸರಿದು ನಿಂತಳು. ಮುಖ ಇನ್ನೂ ಬಿಗಿದೇ ಇತ್ತು.

ಆ ಹೆಂಗಸು ಕೆರ ಬಿಟ್ಟು, ಜೋಡಿಯಾಗಿ ಒಂದು ಪಕ್ಕಕ್ಕಿಟ್ಟು, ಚೊಂಬಿನ ನೀರಿನಿಂದ ಮೊದಲು ಮಗುವಿನ ಕೈಕಾಲು, ಆಮೇಲೆ ತನ್ನವು ತೊಳೆದುಕೊಂಡಳು. ಯಾರೂ ಹೇಳಿಕೊಟ್ಟಿರಲಿಲ್ಲ. ಒಳಗೆ ಎರಡು ಹೆಜ್ಜೆ ಇಟ್ಟವಳು ತಟ್ಟನೆ ನಿಂತಳು. ಕೋಣೆಯೊಳಗಿನಿಂದ ಹುಳು ಸೊಪ್ಪು ಮೇಯುವ ಸರಸರ ಸದ್ದು ಬರುತ್ತಿತ್ತು. ಸದ್ದಿನ ಜಾಡು ಹಿಡಿದು ಕೋಣೆಯವರೆಗೆ ನಡೆದಳು. ಪುಟ್ಟಗೌರಮ್ಮ ಹಾಂ ಹಾಂ ಎಂದು ಕೈ ಚಾಚುವಷ್ಟರಲ್ಲಿ ಅವಳು ತಾನೇ ಹೊಸ್ತಿಲ ಈಚೆ ಮಂಡಿಯೂರಿ ಕೂತಿದ್ದಳು. ಅಂಗಿಯ ಅಗಲ ತೋಳಿನಿಂದ ಬಾಯಿ ಮುಚ್ಚಿಕೊಂಡು, ತಟ್ಟೆಗಳ ಕಡೆಗೆ ನೆಲಕ್ಕೆ ಹಣೆ ತಾಗುವಂತೆ ಬಗ್ಗಿದಳು. ಏಳಲೇ ಇಲ್ಲ. ಭುಜ ಅಲುಗುತ್ತಿತ್ತು.

ಪುಟ್ಟಗೌರಮ್ಮನ ಚಾಚಿದ ಕೈ ಚಾಚಿದಲ್ಲೇ ನಿಂತಿತು. "ನೋಡ್ಲಾ ನರಸ, ಬಾಯಿ ಮುಚ್ಕೊಂಡವ್ಳೆ! ಹುಳ ಮೇಯಿಸಿದೋಳೇ ಸರಿ ಇವ್ಳು. ಯಾಕೆ ಅಳ್ತಾವ್ಳೆ ಕೇಳು."

ನರಸಯ್ಯ ಕೇಳಿದ. ತಾನಪ್ಪನವರು ಇಂಗ್ಲಿಷಿಗೆ ತಡಕಾಡಿ, ಕಡೆಗೆ ಪುಟ್ಟಗೌರಮ್ಮನಿಗೇ ನೇರವಾಗಿ ಹೇಳಿದರು. ಹೆಂಡತಿಯನ್ನು ತೋರಿಸಿ, ನರಸಯ್ಯನ ಬಾಯಲ್ಲಿ ಆಗಷ್ಟೇ ಕೇಳಿದ ಮಾತು ಹಿಡಿದು, "ಅವ್ವ... ಇಲ್ಲ," ಎಂದರು.

"ಇವ್ರ ತಾಯಿ ಹುಳ ಮೇಯಿಸ್ತಿದ್ರಂತೆ ಕಣವ್ವ," ಎಂದ ನರಸಯ್ಯ, ಮಿಕ್ಕಿದ್ದನ್ನು ಕೇಳಿ ತಿಳಿದು. "ತೀರ್ಕೊಂಡು ವರ್ಷವಾಯ್ತಂತೆ. ಈ ಸದ್ದು ಕೇಳಿ ತಾಯಿಮನೆ ನೆನಪಾಯ್ತಂತೆ."

"ಅಪ್ಪ?"

"ಚಿಕ್ಕೋಳಿದ್ದಾಗ್ಲೇ ಹೋದ್ರಂತೆ."

ಪುಟ್ಟಗೌರಮ್ಮ ಚಾಚಿದ್ದ ಕೈ ಕೆಳಗಿಳಿಸಿದಳು. ಆಮೇಲೆ ಮಗನ ತೋಳಿಗೆ ಹಗುರವಾಗಿ ಒಂದು ಏಟು ಹಾಕಿದಳು. "ಹಂಗಾರೆ ನೀನೇನೂ ಸುಳ್ಳು ಹೇಳ್ಲಿಲ್ಲ ಬುಡು," ಎಂದಳು.

ಸೊಪ್ಪಿನ ಕುಕ್ಕೆಯೊಂದನ್ನು ಎತ್ತಿ ತಂದು, ಆ ಹೆಂಗಸನ್ನು ರಟ್ಟೆ ಹಿಡಿದು ಎಬ್ಬಿಸಿ, ಅದನ್ನು ಅವಳ ಕೈಗಿಟ್ಟು, "ಬಾ ತಾಯಿ, ಮೇವಿನ ಹೊತ್ತಾಯ್ತು," ಎಂದು ಹೊಸ್ತಿಲು ದಾಟಿಸಿದಳು. ಒಬ್ಬಳ ಬಾಯಿಗೆ ಸೆರಗು, ಇನ್ನೊಬ್ಬಳ ಬಾಯಿಗೆ ತೋಳು. ತಟ್ಟೆಯಿಂದ ತಟ್ಟೆಗೆ ಇಬ್ಬರೂ ಸೊಪ್ಪು ಹರಡುತ್ತಾ ಹೋದರು. ನಡುಮನೆಯಲ್ಲಿ ತಾನಪ್ಪನವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗೋಡೆ, ಕಂಬ, ತೊಲೆ ಒಂದೊಂದನ್ನೇ ನೋಡುತ್ತಿದ್ದರು.

ತಡೆಯಲಾರದೆ ದಾಸಮ್ಮ ಬಾಗಿಲವರೆಗೆ ಬಂದು ಇಣುಕಿದಳು. "ಅಯ್ಯಯ್ಯೋ, ಏನ್ ಪುಟ್ಟಗೌರಕ್ಕ ಇದು! ಪರದೇಶಿನ ಹುಳದ ಕೋಣೆಗೇ ಬುಟ್ಕೊಂಡ್ಯಾ?"

"ಯಾವೋಳೇ ಪರದೇಶಿ?" ಎಂದಳು ಪುಟ್ಟಗೌರಮ್ಮ ಒಳಗಿನಿಂದ, ಬಾಯಿಗೆ ಹಿಡಿದ ಸೆರಗು ತೆಗೆಯದೆ. "ನಾನಿಲ್ವಾ?"