ಸ್ನಾನ ಮುಗಿಯುವಷ್ಟು ಹೊತ್ತು

೧೯೯೩ನೇ ಇಸವಿ ಮಾರ್ಚ್ ೧೪, ಭಾನುವಾರ, ಬೆಳಿಗ್ಗೆ ೭ ಗಂಟೆ ೧೨ ನಿಮಿಷ. ಬಚ್ಚಲುಮನೆಯ ಚಿಲಕ ಬಿದ್ದ ಸದ್ದು ಕೇಳಿದ್ದೇ ಅವಳು ಸ್ಟಾಪ್‌ವಾಚಿನ ಗುಂಡಿ ಒತ್ತಿ, ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟಳು. ವಾಚು ಅವಳು ಕೆಲಸ ಮಾಡುವ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ್ದು. ಪಾತ್ರೆ ಗಂಡನ ಮೊದಲ ಹೆಂಡತಿಯದು.

ಆರು ನಿಮಿಷ ನಲವತ್ತು ಸೆಕೆಂಡಿಗೆ ಗಂಡ ತಲೆ ಒರೆಸಿಕೊಳ್ಳುತ್ತ ಹೊರಬಂದ. ಅವಳು ಪಾತ್ರೆ ಇಳಿಸಿದಳು. ಒಳಗಿದ್ದದ್ದು ಅಂಟಲ್ಲ, ಬಿಸಿ ಹಿಟ್ಟಿನ ನೀರು.

ನಡುಮನೆಯಲ್ಲಿ ಕೂತು ಹಾಳೆ ಮಡಚುತ್ತಿದ್ದ ಅತ್ತೆ ಕತ್ತು ಚಾಚಿ ನೋಡಿದರು. "ಏನು ಲ್ಯಾಬ್ ಮೇಡಂ, ಇವತ್ತೂ ಫೇಲಾ?"

"ಒಲೆ ಸರಿಯಿಲ್ಲ ಅತ್ತೆ."

"ಹೋದ ವಾರ ಮೈದಾ ಸರಿಯಿರಲಿಲ್ಲ. ಅದರ ಹಿಂದಿನ ವಾರ ನೀರು. ಬರೋ ವಾರಕ್ಕೆ ನಾನೇ ಉಳಿದಿರೋದು."

ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗ್ರಂಥಾಲಯದಿಂದ ಬಂದ ನಲವತ್ತು ನಿಘಂಟುಗಳು ಅಲ್ಲಿ ಬೆನ್ನು ಕಳಚಿಕೊಂಡು ಬಿದ್ದಿದ್ದವು. ಪೇಟೆಯ ಗೋಂದು ಹಚ್ಚಿದರೆ ಒಣಗಿ ಸೀಳುತ್ತಿತ್ತು. ಸೀಳಿದಾಗಲೆಲ್ಲ ಅವನು ಬೇರೇನೂ ಯೋಚಿಸದೆ, ಹವಾಮಾನದ ಬಗ್ಗೆ ಹೇಳುವಷ್ಟು ಸಹಜವಾಗಿ ಹೇಳುತ್ತಿದ್ದ: "ಅವಳ ಅಂಟು ಹೀಗೆ ಬಿಡ್ತಿರಲಿಲ್ಲ."

ಅವಳು ಎಂದರೆ ಯಾರು ಎಂದು ಆ ಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಅತ್ತೆಯ ಬಾಯಲ್ಲಿ ಅವಳು "ನಿಮ್ಮಕ್ಕ". ಮುಖ ನೋಡದ, ಒಡಹುಟ್ಟದ ಈ ಅಕ್ಕ ಸತ್ತು ಆರು ವರ್ಷವಾಗಿತ್ತು. ಆದರೂ ಗ್ರಂಥಾಲಯದ ಕಪಾಟುಗಳಲ್ಲಿ ಅವಳು ಕಾಯಿಸಿದ ಅಂಟು ನೂರಾರು ಪುಸ್ತಕಗಳನ್ನು ಇವತ್ತಿಗೂ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅದನ್ನು ನೆನೆದರೆ ಲ್ಯಾಬ್ ಮೇಡಂಗೆ ಎದೆಯಲ್ಲಿ ಮುಳ್ಳು ಆಡಿಸಿದಂತಾಗುತ್ತಿತ್ತು.

ಅಕ್ಕ ಒಂದು ಉದ್ದನೆಯ ನೋಟ್‌ಬುಕ್ ಬಿಟ್ಟುಹೋಗಿದ್ದಳು. ಅದರ ತುಂಬ ಮನೆವಾರ್ತೆಯ ಉಪಾಯಗಳು. ಶಾಯಿ ಕಲೆಗೆ ನಿಂಬೆಹಣ್ಣು, ಉಪ್ಪು. ಕನ್ನಡಿಗೆ ಒದ್ದೆ ಮಾಡಿದ ಹಳೆ ಪತ್ರಿಕೆ. ಪುಸ್ತಕದ ಹುಳಕ್ಕೆ ಪುಟಕ್ಕೊಂದು ಲವಂಗ. ಮದುವೆಯಾದ ಹೊಸತರಲ್ಲಿ ಲ್ಯಾಬ್ ಮೇಡಂ ಒಂದೊಂದನ್ನೂ ಪರೀಕ್ಷೆ ಮಾಡಿ, ವಿದ್ಯಾರ್ಥಿಗಳ ರೆಕಾರ್ಡಿಗೆ ಹಾಕುವಂತೆ ಕೆಂಪು ಶಾಯಿಯಲ್ಲಿ ಅಂಕ ಹಾಕಿದ್ದಳು. ನಪಾಸು ಮಾಡಬೇಕೆಂದೇ ಕೂತಿದ್ದಳು. ಏನು ಮಾಡುವುದು, ಎಲ್ಲವೂ ಹತ್ತಕ್ಕೆ ಏಳರ ಮೇಲೇ ಬಂದವು. ಲವಂಗಕ್ಕೆ ಮಾತ್ರ ಹಟ ಹಿಡಿದು ಐದು ಕೊಟ್ಟಿದ್ದಳು.

ಅಂಕ ಹಾಕಲಾಗದೆ ಉಳಿದಿದ್ದ ಅಂಟಿನ ಪುಟದಲ್ಲಿ ಹೀಗಿತ್ತು: ಕಿವಿ ಮುರಿದ ಬಟ್ಟಲಲ್ಲಿ ಮೈದಾ ಒಂದು, ನೀರು ಐದು. ಹುಳ ಹಿಡಿಯದಂತೆ ಹೆಸರುಕಾಳಿನಷ್ಟು ಮೈಲುತುತ್ತ. ಸಣ್ಣ ಉರಿ. ಅವರು ಸ್ನಾನಕ್ಕೆ ಹೋದಾಗ ಇಡುವುದು, ಬಂದಾಗ ಇಳಿಸುವುದು.

ಬಟ್ಟಲು ಅಡುಗೆಮನೆಯಲ್ಲೇ ಇತ್ತು. ಅಳೆದಳು, ೧೪೦ ಮಿಲಿಲೀಟರ್. ಹೆಸರುಕಾಳನ್ನು ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿದಳು. ಉಳಿದದ್ದು ಕೊನೆಯ ಸಾಲು. ತನ್ನ ಗಂಡನನ್ನೇ ಗಡಿಯಾರ ಮಾಡಿಕೊಂಡಿದ್ದಳಲ್ಲ ಮಹಾರಾಯ್ತಿ! ಐದು ಸ್ನಾನಗಳ ಸರಾಸರಿ ತೆಗೆದರೂ ಆರೂವರೆ ನಿಮಿಷ ದಾಟಲಿಲ್ಲ, ಅಷ್ಟರಲ್ಲಿ ಅಂಟು ಕೂಡಿಬರಲೂ ಇಲ್ಲ.

ಒಂದೇ ಒಂದು ಸಲ ಗಂಡ "ನಿನ್ನ ಅಂಟು" ಎನ್ನಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಆ ಮಧ್ಯಾಹ್ನ ಅವಳು ಲೆಕ್ಕವನ್ನು ತಿರುವಿ ಹಾಕಿದಳು. ಹೊಸದಾಗಿ ಅಂಟು ಕಾಯಿಸುತ್ತ ಐದನೆಯ ನಿಮಿಷದಿಂದ ಇಪ್ಪತ್ತೊಂದರವರೆಗೆ ಎರಡೆರಡು ನಿಮಿಷಕ್ಕೊಮ್ಮೆ ಒಂದೊಂದು ಚಮಚ ತೆಗೆದು ಒಂಬತ್ತು ಪುಟ್ಟ ಬಾಟಲಿಗಳಿಗೆ ತುಂಬಿದಳು. ಸಮಯವನ್ನು ಬಾಟಲಿಯ ತಳದಲ್ಲಿ ಬರೆದು, ಮರುದಿನ ಸಂಜೆ ಗಂಡನ ಮುಂದೆ ಸಾಲಾಗಿ ಇಟ್ಟಳು.

"ಏನಿದು, ನನಗೂ ಪ್ರಾಕ್ಟಿಕಲ್ ಪರೀಕ್ಷೆನಾ?" ಎಂದ ಅವನು.

"ಮಾತು ಸಾಕು. ಯಾವುದು ಸರಿ ಹೇಳಿ."

ಒಂದೊಂದನ್ನೂ ಬೆರಳಲ್ಲಿ ಉಜ್ಜಿ, ಕಾಗದದ ಪಟ್ಟಿಗೆ ಹಚ್ಚಿ ಎಳೆದು ನೋಡಿದ. ಎಂಟನೆಯದಕ್ಕೆ ಕೈ ನಿಂತಿತು. ಬೆರಳು ಮೂಗಿನ ಹತ್ತಿರ ಹೋಯಿತು. ಅವಳು ಎರಡು ವರ್ಷದಲ್ಲಿ ಕಂಡಿರದ ಒಂದು ಮೆತ್ತನೆಯ ಭಾವ ಅವನ ಮುಖದ ಮೇಲೆ ಹಾದುಹೋಯಿತು. "ಇದು," ಎಂದ. "ಇದೇ ಅವಳದು."

ಕಾಯಿಸಿದ್ದು ಯಾರು, ಹೆಸರು ಯಾರದು! ಅವಳು ಬಾಟಲಿ ಎತ್ತಿ ತಳ ನೋಡಿದಳು. ಹತ್ತೊಂಬತ್ತು ನಿಮಿಷ.

ಹಾಗಾದರೆ ಆ ಕಾಲದಲ್ಲಿ ಈ ಮನುಷ್ಯ ಹತ್ತೊಂಬತ್ತು ನಿಮಿಷ ಸ್ನಾನ ಮಾಡುತ್ತಿದ್ದ. ತನ್ನ ಕಾಲಕ್ಕೆ ಆರೂವರೆ. ನಡುವಿನ ಹನ್ನೆರಡೂವರೆ ನಿಮಿಷ ಎಲ್ಲಿ ಹೋಯಿತು? ಅಕ್ಕ ಹೋಗಿ ಬೆನ್ನು ಉಜ್ಜುತ್ತಿದ್ದಳೇ? ಉಜ್ಜುತ್ತಿದ್ದರೆ ಒಲೆಯ ಮುಂದೆ ಸೌಟು ತಿರುಗಿಸುತ್ತಿದ್ದವರು ಯಾರು? ತರ್ಕ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ತರ್ಕ ತಲೆಯಲ್ಲಿತ್ತು, ಸಂಕಟ ಹೊಟ್ಟೆಯಲ್ಲಿತ್ತು. ನಾಲ್ಕು ದಿನ ಅವಳು ಬಚ್ಚಲುಮನೆಯ ಬಾಗಿಲನ್ನು ಶತ್ರುವನ್ನು ನೋಡುವಂತೆ ನೋಡಿಕೊಂಡು ಓಡಾಡಿದಳು. ಐದನೆಯ ದಿನ ತಡೆಯಲಾರದೆ ಅತ್ತೆಯನ್ನೇ ಕೇಳಿದಳು.

ಅತ್ತೆ ಹಾಳೆ ಮಡಚುವುದನ್ನು ನಿಲ್ಲಿಸಿ ನಕ್ಕುಬಿಟ್ಟರು. "ಹಾಡ್ತಿದ್ದ ಕಣೇ! ಕತ್ತೆ ಥರ. ನಾವೆಲ್ಲ ಕಿವಿ ಮುಚ್ಕೋತಿದ್ವಿ. ನಿಮ್ಮಕ್ಕ ಮಾತ್ರ ಒಲೆ ಮುಂದೆ ಕೂತ್ಕೊಂಡು, 'ಅಂಟು ಇನ್ನೂ ಆಗಿಲ್ಲ, ಇನ್ನೊಂದು ಹಾಡಿ' ಅಂತ ಕೂಗೋಳು. ಅಂಟು ಆದ್ಮೇಲೆ 'ಸಾಕು ಬನ್ನಿ' ಅನ್ನೋಳು. ಆಮೇಲೇ ಇವನು ಈಚೆಗೆ ಬರೋನು."

ಅವಳು ಇಷ್ಟು ದಿನ ಸ್ನಾನದಿಂದ ಅಂಟನ್ನು ಅಳೆಯಲು ಹೊರಟಿದ್ದಳು. ಅಕ್ಕ ಅಂಟಿನಿಂದ ಸ್ನಾನವನ್ನು ಅಳೆದಿದ್ದಳು. ಪ್ರಯೋಗಾಲಯದಲ್ಲಿ ಮೊದಲ ವರ್ಷದ ಹುಡುಗರು ಇಂಥ ತಪ್ಪು ಮಾಡಿದರೆ ಅವಳು ರೆಕಾರ್ಡ್ ವಾಪಸ್ ಎಸೆಯುತ್ತಿದ್ದಳು.

"ಈಗ ಯಾಕೆ ಹಾಡಲ್ಲ?" ಎಂದು ಕೇಳಿದಳು.

"ನೀನು ಬಂದ ವಾರಾನೇ ಬಾಗಿಲು ಬಡಿದ್ಯಲ್ಲ, ಕಾಲೇಜಿಗೆ ತಡ ಆಯ್ತು ಅಂತ. ಆವತ್ತಿಂದ ಕಾಗೆ ಥರ ಮುಳುಗಿ ಎದ್ದು ಬರ್ತಾನೆ."

ಮಾರ್ಚ್ ೨೧, ಭಾನುವಾರ. ಸಮಯ ಗೊತ್ತಾಗಿತ್ತು, ಹತ್ತೊಂಬತ್ತು ನಿಮಿಷಕ್ಕೆ ಇಳಿಸಿದರೆ ಮುಗಿಯಿತು, ಗಂಡನ ಸ್ನಾನದ ಹಂಗೇ ಬೇಕಿರಲಿಲ್ಲ. ಆದರೂ ಚಿಲಕ ಬೀಳುವುದನ್ನು ಕಾದು ವಾಚು ಒತ್ತಿದಳು. "ಇನ್ನೊಂದು ಹಾಡಿ" ಎಂಬ ಮಾತು ನಾಲಗೆಯ ತುದಿಗೆ ಬಂತು. ಅಕ್ಕನ ಎಂಜಲು ಮಾತು ತನಗೇಕೆ ಎಂದು ನುಂಗಿಕೊಂಡಳು.

ಆರು ನಿಮಿಷ ಐವತ್ತು ಸೆಕೆಂಡಿಗೆ ಗಂಡ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ, "ಆಯ್ತಾ?"

"ಇಲ್ಲ. ಆಗೋವರೆಗೂ ಅಲ್ಲೇ ನಿಂತ್ಕೊಳ್ಳಿ."

"ಯಾಕೆ, ನನ್ನನ್ನೂ ಹಾಕಿ ಬೇಯಿಸ್ತೀಯಾ?" ತಾಯಿ ಕೂತಿದ್ದ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದ, "ಹಾಡಲಾ?"

"ಬೇಡ!" ಸೌಟು ಪಾತ್ರೆಯ ಅಂಚಿಗೆ ಬಡಿಯಿತು. "ಹಾಡೋದು ಬೇಡ. ಮಾತಾಡಿ, ಸಾಕು."

ಅವನು ಚೌಕಟ್ಟಿಗೆ ಒರಗಿ, ನೆಲದ ಮೇಲೆ ನೀರು ತೊಟ್ಟಿಕ್ಕಿಸುತ್ತ ಮಾತಾಡಿದ. ಒಂದು ನಿಘಂಟಿನ ಕೊನೆಯ ಅರವತ್ತು ಪುಟಗಳನ್ನು ಇಲಿ ತಿಂದಿರುವುದು, ಗ್ರಂಥಾಲಯದವರು ಅದನ್ನೂ ಹಾಗೇ ಕಟ್ಟಿಕೊಡಿ ಅಂದದ್ದು, ಇನ್ನೊಂದರಲ್ಲಿ ಯಾರೋ ಪ್ರತಿ ಬೈಗುಳದ ಕೆಳಗೂ ಗೆರೆ ಎಳೆದದ್ದು. ಅವಳು ನಕ್ಕಳು. ನಗುತ್ತ ಸೌಟು ತಿರುಗಿಸಿದಳು. ವಾಚಿನ ಕಡೆ ನೋಡುವುದೇ ಮರೆಯಿತು. ಅಂಟು ಹೊಳಪು ತಿರುಗಿ ಸೌಟಿನಿಂದ ಭಾರವಾಗಿ ಇಳಿಯತೊಡಗಿದಾಗ ತಟ್ಟನೆ ಪಾತ್ರೆ ಇಳಿಸಿ ಗುಂಡಿ ಒತ್ತಿದಳು.

ಗಂಡ ಒಂದು ತೊಟ್ಟು ಬೆರಳಿಗೆ ತೆಗೆದುಕೊಂಡು ಉಜ್ಜಿದ. ಮೂಗಿನ ಹತ್ತಿರ ಒಯ್ಯಲಿಲ್ಲ. "ನಿನ್ನ ಅಂಟು ಸ್ವಲ್ಪ ಗಟ್ಟಿ," ಎಂದ. "ಒಂದು ಚಮಚ ನೀರು ಹಾಕು. ನಲವತ್ತು ನಿಘಂಟಿಗೂ ಸಾಕಾಗುತ್ತೆ."

ಅವನು ಅಂಗಿ ಹಾಕಿಕೊಳ್ಳಲು ಹೋದ ಮೇಲೆ ಅವಳು ನೋಟ್‌ಬುಕ್ ತೆರೆದಳು. ವಾಚು ೨೧ ನಿಮಿಷ ೧೦ ಸೆಕೆಂಡ್ ತೋರಿಸುತ್ತಿತ್ತು. ಅದರಲ್ಲಿ ಸ್ನಾನದ ಸಮಯ ಕಳೆದಳು. ಉಳಿದದ್ದು ಅಕ್ಕನ ಹನ್ನೆರಡೂವರೆಗಿಂತ ಹೆಚ್ಚಾಗಿದೆಯೆಂದು ಎರಡು ಸಲ ಖಚಿತಪಡಿಸಿಕೊಂಡಳು. ಆಮೇಲೆ ಅಕ್ಕನ ಕೊನೆಯ ಸಾಲಿನ ಕೆಳಗೆ, ಕೆಂಪು ಶಾಯಿ ಬಿಟ್ಟು ನೀಲಿಯಲ್ಲಿ ಬರೆದಳು: ಅವರು ಬಾಗಿಲಲ್ಲಿ ನಿಂತದ್ದು, ೧೪ ನಿಮಿಷ ೨೦ ಸೆಕೆಂಡ್.