ಮಿಂಜಾಳ ಪೂರ್ತಿ ಫೋಟೋ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಸರೋವರದ ದಂಡೆಯ ಕೆಲವು ತಾಯಂದಿರು ಮಕ್ಕಳನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಚರ್ಮಕ್ಕೂ ಕೂದಲಿಗೂ ಬಣ್ಣವಿಲ್ಲದೆ ಹುಟ್ಟಿದ ಮಕ್ಕಳು ಅವರು. ಅಂಥವರ ಕೈಕಾಲಿನಲ್ಲಿ ಅದೃಷ್ಟವಿದೆಯಂತೆ. ಒಂದು ತುಂಡು ಸಿಕ್ಕರೆ ಸೋಲುವವನು ಗೆಲ್ಲುತ್ತಾನಂತೆ, ಗಣಿಯಲ್ಲಿ ಚಿನ್ನ ಕಣ್ಣಿಗೆ ಬೀಳುತ್ತದಂತೆ. ಹೀಗೆಂದು ಹೇಳಿಕೊಟ್ಟವರ ಬಾಯಿಗೆ ಹುಳ ಬೀಳಲಿ.

ಹೋಲೋ ತನ್ನ ಮಗಳು ಮಿಂಜಾಳನ್ನು ಹುಟ್ಟಿದಾಗಿನಿಂದ ಹಾಗೆಯೇ ಬಚ್ಚಿಟ್ಟಿದ್ದಳು. ಗಂಡ ಸತ್ತವಳು, ಸಂತೆಯಲ್ಲಿ ಒಣಮೀನು ಮಾರುವವಳು. ಒಂದು ದಿನ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನನ್ನ ಸ್ಟುಡಿಯೋಗೆ ಬಂದಳು.

"ಇವಳ ಫೋಟೋ ತೆಗೆದು ಹೊರಗಡೆ ಬೋರ್ಡಿಗೆ ಹಾಕಕ್ಕ. ದೊಡ್ಡದಾಗಿ."

"ತಲೆ ಕೆಟ್ಟಿದೆಯೇನೇ ನಿಂಗೆ? ಇಂಥ ಟೈಮಲ್ಲಾ?"

"ಬಚ್ಚಿಟ್ಟ ಮಗು ಕಾಣೆಯಾದ್ರೆ ಕೇಳೋರು ಯಾರು? ಇದ್ದಿದ್ದೇ ಯಾರಿಗೂ ಗೊತ್ತಿರಲ್ಲ. ಎಲ್ರಿಗೂ ಗೊತ್ತಾಗ್ಲಿ."

ನಾನು ಕ್ಯಾಮರಾ ಎತ್ತಿಕೊಂಡೆ. ಅಷ್ಟರಲ್ಲಿ ಮಿಂಜಾ ನನ್ನ ಸ್ಟೂಲು ಹತ್ತಿ, ಸೊಂಟಕ್ಕೆ ಕೈಕೊಟ್ಟು, ಥೇಟ್ ಮೀನು ಮಾರುವವರ ದನಿಯಲ್ಲಿ ನನ್ನ ಮೇಲೇ ರೇಗಿದಳು. "ತಗೊಂಡ್ರೆ ತಗೊ, ಇಲ್ದಿದ್ರೆ ದಾರಿ ಬಿಡು!" ಟೊಪ್ಪಿ ಓರೆಯಾಗಿತ್ತು, ಮೂಗು ಮೇಲಕ್ಕೆದ್ದಿತ್ತು. ನಾನು ಆ ಮುಖವನ್ನಷ್ಟೇ ಹಿಡಿದೆ.

ಫೋಟೋ ಬೋರ್ಡಿಗೇರಿದ ಮೇಲೆ ಸಂತೆಯೇ ಬದಲಾಯಿತು. ಇಂಥ ಮಕ್ಕಳನ್ನು 'ಜೇರುಜೇರು, ದೆವ್ವದ ಮರಿ' ಎಂದು ಉಗಿಯುತ್ತಿದ್ದ ಹೆಂಗಸರೇ "ಏನಮ್ಮಾ ಯಜಮಾನಿ, ಇವತ್ತು ಮೀನು ಹೆಂಗಿದೆ?" ಎಂದು ಮಾತಾಡಿಸತೊಡಗಿದರು. "ನಿನ್ನಷ್ಟು ನಾರಲ್ಲ!" ಎನ್ನುತ್ತಿದ್ದಳು ಮಿಂಜಾ. ನನಗೆ ಹೆಮ್ಮೆಯೋ ಹೆಮ್ಮೆ. ಆದರೂ ಬೋರ್ಡಿನ ಮುಂದೆ ಯಾರಾದರೂ ಹೆಚ್ಚು ಹೊತ್ತು ನಿಂತರೆ ಕೆಲಸ ಬಿಟ್ಟು ಬಾಗಿಲಿಗೆ ಬಂದು ನೋಡುತ್ತಿದ್ದೆ.

ಹಾಗೆ ನಿಂತವನು ಮಗಾಂಗ, ಮಿಂಜಾಳ ಚಿಕ್ಕಪ್ಪ. ಚಿನ್ನದ ಗಣಿಯಿಂದ ಬಂದು ಹೋಲೋಳ ಮನೆಯಲ್ಲೇ ಇಳಿದುಕೊಂಡಿದ್ದ. ನಮ್ಮಲ್ಲಿ ಅಪ್ಪ ಸತ್ತರೆ ಚಿಕ್ಕಪ್ಪನೇ ಅಪ್ಪ. ಅವನು ಮಗುವಿನ ಕೈಹಿಡಿದು ಹೊರಟರೆ ಎಲ್ಲಿಗೆಂದು ಯಾರೂ ಕೇಳುವುದಿಲ್ಲ. ಬೈಕನ್ನು ಸ್ಟುಡಿಯೋ ಬಾಗಿಲಲ್ಲೇ ನಿಲ್ಲಿಸಿ, ಮಿಂಜಾಳನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದ.

"ಏನಕ್ಕಾ, ನನ್ ಮಗಳ ಕಾಲೆಲ್ಲಿ? ಅರ್ಧಕ್ಕೇ ಕತ್ತರಿಸ್ಬಿಟ್ಟಿದ್ದೀಯಲ್ಲ?"

ನಕ್ಕುಬಿಟ್ಟೆ. ಇದು ದಿನಾ ಕೇಳುವ ಬೈಗುಳ. ಪಾದ ಕಾಣದ ಫೋಟೋ ನಮ್ಮವರಿಗೆ ಫೋಟೋವೇ ಅಲ್ಲ.

"ಪೂರ್ತಿ ನಿಲ್ಲಿಸಿ ಒಂದು ತೆಗಿ," ಎಂದ. ಮಿಂಜಾ ಪರದೆಯ ಮುಂದೆ ಠೀವಿಯಿಂದ ನಿಂತಳು. ಅವನು ಟೊಪ್ಪಿ ತೆಗೆಸಿದ. "ಕೈ ಅಗಲ ಮಾಡು ಪುಟ್ಟಿ. ಬೆರಳೆಲ್ಲಾ ಕಾಣ್ಲಿ." ಮಾಡಿದಳು. ಆಮೇಲೆ ಮಂಡಿಯೂರಿ ಅವಳ ಬೂಟು ಬಿಚ್ಚತೊಡಗಿದ.

ನಾನು ಕ್ಯಾಮರಾದ ಗುಂಡಿಯಿಂದ ಬೆರಳು ತೆಗೆದೆ. ನಮ್ಮೂರಿನವರು ಫೋಟೋಗೆಂದು ಪಕ್ಕದ ಮನೆಯಿಂದ ಬೂಟು ಎರವಲು ತರುತ್ತಾರೆ. ದೊಡ್ಡದಾದರೆ ಒಳಗೆ ಕಾಗದ ತುರುಕಿಕೊಂಡು ನಿಲ್ಲುತ್ತಾರೆ. ಇದ್ದ ಬೂಟನ್ನು ಬಿಚ್ಚಿಸಿದವನನ್ನು ನಾನು ಈವರೆಗೂ ಕಂಡಿರಲಿಲ್ಲ. ಇವನಿಗೆ ಬೇಕಿದ್ದದ್ದು ಮಗಳ ಫೋಟೋ ಅಲ್ಲ. ಕೊಳ್ಳುವವನಿಗೆ ತೋರಿಸಲು ಮಾಲಿನ ಫೋಟೋ.

ಕಿರುಚಿಕೊಂಡರೆ ಮಗುವನ್ನೆತ್ತಿಕೊಂಡು ಬೈಕ್ ಹತ್ತುತ್ತಾನೆ. ನಗುನಗುತ್ತಾ ಬಾಗಿಲಿಗೆ ಹೋಗಿ ಸಂತೆಯ ಕಡೆಗೆ ಕೂಗಿದೆ. "ಬನ್ರೇ! ಯಜಮಾನಿ ಜೊತೆ ಪುಕ್ಕಟೆ ಫೋಟೋ! ಹೋಲೋ, ನೀನೂ ಬಾರೇ!"

ಪುಕ್ಕಟೆ ಎಂದರೆ ಕೇಳಬೇಕೇ? ಮೀನಿನ ಬುಟ್ಟಿಗಳನ್ನು ಅಲ್ಲೇ ಬಿಟ್ಟು ನುಗ್ಗಿದರು. ಮಗಾಂಗ ಮೆಲ್ಲಗೆ ಜಾರಿಕೊಳ್ಳಲು ನೋಡಿದ. "ಎಲ್ಲಿಗಪ್ಪಾ ಹೊರಟೆ? ಇರೋನೊಬ್ಬ ಗಂಡಸು, ಮಧ್ಯ ನಿಂತ್ಕೊ!" ಎಂದು ಒಬ್ಬಳು ರಟ್ಟೆ ಹಿಡಿದು ಎಳೆದಳು.

"ಗಲ್ಲ ಎತ್ತು ಮಗಾಂಗ. ನಿನ್ ಮುಖ ಚೆನ್ನಾಗಿ ಬರ್ಬೇಕು," ಎಂದು ಕ್ಲಿಕ್ಕಿಸಿದೆ. ಆಮೇಲೆ ಹೇಳಿದೆ. "ಇದು ಬೋರ್ಡಿಗೂ ಹೋಗತ್ತೆ, ಪೊಲೀಸ್ ಠಾಣೆಗೂ ಹೋಗತ್ತೆ."

ಹೋಲೋ ಮಗಳ ಬರಿಗಾಲು ನೋಡಿದಳು, ಅವನ ಕೈಯಲ್ಲಿದ್ದ ಪುಟ್ಟ ಬೂಟು ನೋಡಿದಳು. ಬಿಡಿಸಿ ಹೇಳಬೇಕಾಗಲಿಲ್ಲ. ಅವನು ಬೂಟನ್ನು ನೆಲಕ್ಕಿಟ್ಟು, ಯಾರ ಮುಖವನ್ನೂ ನೋಡದೆ ಹೊರಟ. ಬೂಟು ಬಿಚ್ಚಿದ್ದಕ್ಕೆ ಒಬ್ಬನನ್ನು ಹಿಡಿದು ಕಟ್ಟಿಹಾಕುವುದು ಹೇಗೆ? ಬೈಕಿನ ಸದ್ದು ಗಣಿಯ ರಸ್ತೆಯ ಕಡೆಗೆ ಕರಗಿತು.

ಪ್ರಿಂಟ್ ಬಂತು. ಅದರಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಮಿಂಜಾ ಒಬ್ಬಳೇ ಚಿಕ್ಕಪ್ಪನ ಬೆರಳು ಹಿಡಿದು, ಅವನ ಮುಖವನ್ನೇ ನೋಡುತ್ತಾ ಬಾಯ್ತುಂಬ ನಗುತ್ತಿದ್ದಳು.

"ಅವನ ಹತ್ರ ಮಾತ್ರ ಹಿಂಗೆ ನಗ್ತಾಳೆ ಅಕ್ಕ," ಎಂದಳು ಹೋಲೋ.

ಮಿಂಜಾ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದಳು. "ಅಮ್ಮಾ, ಚಿಕ್ಕಪ್ಪ ಬೈಕಲ್ಲಿ ದೂರ ಕರ್ಕೊಂಡ್ಹೋಗ್ತೀನಿ ಅಂದಿದ್ದ. ಬರ್ತಾನಲ್ವಾ?"

ಹೋಲೋ ಓಡಿಹೋಗಿ ಅವಳನ್ನು ಬಾಚಿ ಎತ್ತಿಕೊಂಡಳು.

"ಬರ್ತಾನೆ ಕಣೇ," ಎಂದಳು. "ಬಂದೇ ಬರ್ತಾನೆ."